ಪ್ರಶಸ್ತಿಯ ಸಂಜೆ, ಭಾನುವಾರದ ಮಧ್ಯಾಹ್ನ

(ಪುಣೆಯಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದ ದಿನ ನಮ್ಮೆಲ್ಲರ ಮನೆಗಳಲ್ಲೂ ಕೇಳಿಬರುವ ಮೊದಲ ಮಾತು, ‘ಕನ್ನಡಕ್ಕೆ ಎಷ್ಟು ಬಂತು?’ ಎಂಬುದು. ಪತ್ರಿಕೆಗಳೂ ಲೆಕ್ಕವನ್ನೇ ಮೊದಲು ಕೊಡುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಊರು ಬಿಟ್ಟು ಬಂದವರಿಗೆ ಆ ಲೆಕ್ಕದ ಮೇಲೆ ಇನ್ನೂ ಹೆಚ್ಚು ಅಕ್ಕರೆ. ಆದರೆ ಇವತ್ತು ನಾನು ಕೇಳಬೇಕೆಂದಿರುವುದು ಬೇರೆ. ಬಂದದ್ದರಲ್ಲಿ ನಾವು ನೋಡಿದ್ದು ಎಷ್ಟು?

2022ರ ಸಾಲಿನಲ್ಲಿ ಶ್ರೇಷ್ಠ ಕನ್ನಡ ಚಿತ್ರವೆಂದು ರಜತ ಕಮಲ ಪಡೆದದ್ದು ‘ಕೆಜಿಎಫ್ ಚಾಪ್ಟರ್ 2’. ನೋಡಿದವರು ಕೈ ಎತ್ತಿ. ಹೌದು, ಬಹುತೇಕ ಎಲ್ಲರೂ ನೋಡಿದ್ದೀರಿ, ಹಿಂದಿನ ಸಾಲಿನ ಮಕ್ಕಳೂ ಕೈ ಎತ್ತಿದ್ದಾರೆ. ಅದರ ಮರುವರ್ಷ, 2023ರ ಸಾಲಿಗೆ, ಅದೇ ಪ್ರಶಸ್ತಿ ‘ಕಂದೀಲು’ ಚಿತ್ರಕ್ಕೆ ಬಂತು. ಅದನ್ನು ನೋಡಿದವರು? ಒಂದು ಕೈಯೂ ಇಲ್ಲ. ಎರಡಕ್ಕೂ ಸಿಕ್ಕಿದ್ದು ಒಂದೇ ಪದಕ. ಒಂದು ಚಿತ್ರ ಪುಣೆಯ ಎಲ್ಲ ಮಲ್ಟಿಪ್ಲೆಕ್ಸುಗಳಿಗೂ ಬಂತು, ಇನ್ನೊಂದರ ಹೆಸರೂ ಈ ಊರಿನ ಕನ್ನಡಿಗರ ಕಿವಿಗೆ ಬಿದ್ದಿಲ್ಲ. ಇದನ್ನು ನಿಮ್ಮ ಮೇಲಿನ ದೂರಾಗಿ ಹೇಳುತ್ತಿಲ್ಲ. ನೋಡಬೇಕೆಂದರೂ ಎಲ್ಲಿ ನೋಡುವುದು ಎಂಬುದೇ ಇವತ್ತಿನ ನನ್ನ ವಿಷಯ.

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಪ್ರಶಸ್ತಿಗಳು ಮೊದಲು ಬಂದದ್ದು 1954ರಲ್ಲಿ, ಹಿಂದಿನ ವರ್ಷದ ಚಿತ್ರಗಳಿಗೆ. ಆಗ ಅವುಗಳ ಹೆಸರು ಚಲನಚಿತ್ರಗಳ ರಾಜ್ಯ ಪ್ರಶಸ್ತಿ. ಮೊಟ್ಟಮೊದಲ ರಾಷ್ಟ್ರಪತಿ ಚಿನ್ನದ ಪದಕ ಪಡೆದ ಕಥಾಚಿತ್ರ ಮರಾಠಿಯದು, ಪ್ರಹ್ಲಾದ ಕೇಶವ ಅತ್ರೆಯವರ ‘ಶ್ಯಾಮಚಿ ಆಯಿ’. ಅತ್ರೆಯವರು ನಮ್ಮ ಪಕ್ಕದ ಸಾಸವಡದವರು. ಅದೇ 1954ರ ಮಾರ್ಚ್ 21ರಂದು ಮುಂಬೈಯ ಮೆಟ್ರೊ ಚಿತ್ರಮಂದಿರದಲ್ಲಿ ಫಿಲ್ಮ್‌ಫೇರ್ ಪ್ರಶಸ್ತಿಗಳೂ ಶುರುವಾದವು. ಮೊದಲ ಸಲ ಕೊಟ್ಟದ್ದು ಐದೇ ಪ್ರಶಸ್ತಿ: ಚಿತ್ರ, ನಿರ್ದೇಶನ, ನಟ, ನಟಿ, ಸಂಗೀತ. ಹೀಗೆ ಒಂದೇ ವರ್ಷದಲ್ಲಿ ಎರಡು ದಾರಿಗಳು ತೆರೆದುಕೊಂಡವು. ಮುಂಬೈಯದು ತಾರೆಯರ ಸಂಜೆ, ದೆಹಲಿಯದು ಚಿತ್ರದ ಸಂಜೆ. ದೆಹಲಿಯ ಪ್ರಶಸ್ತಿಯಲ್ಲಿ ಆರಂಭದ ವರ್ಷಗಳಲ್ಲಿ ನಟನಟಿಯರಿಗೆ ಬಹುಮಾನವೇ ಇರಲಿಲ್ಲ. 1967ರ ಚಿತ್ರಗಳಿಂದ ಆಚೆಗೆ ಮಾತ್ರ ಅದು ಸೇರಿಕೊಂಡಿತು; ಆ ವರ್ಷ ಗೌರವ ಪಡೆದವರು ಉತ್ತಮ್ ಕುಮಾರ್ ಮತ್ತು ನರ್ಗಿಸ್. ಅಲ್ಲಿಯವರೆಗೆ ಚಿತ್ರವನ್ನೇ, ಒಟ್ಟು ಕೃತಿಯನ್ನೇ ಮನ್ನಿಸುತ್ತಿದ್ದರು. ಆ ಮೊದಲ ನಿಲುವು ನನಗೆ ಇವತ್ತಿಗೂ ಸರಿ ಎನಿಸುತ್ತದೆ.

ನಮ್ಮ ರಾಜಕುಮಾರ್ ಅವರು ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ ಎರಡನೆಯ ವರ್ಷವೇ ಅರ್ಹತಾ ಪತ್ರ ಪಡೆಯಿತು. ಚಿನ್ನದ ಪದಕಕ್ಕೆ ಕನ್ನಡ ಕಾಯಬೇಕಾದದ್ದು 1970ರವರೆಗೆ, ‘ಸಂಸ್ಕಾರ’ದವರೆಗೆ. ಆ ಕಥೆ ನಿಮಗೆ ಗೊತ್ತಿರಬಹುದು. ಮದರಾಸಿನ ಸೆನ್ಸಾರ್ ಮಂಡಳಿ ಆ ಚಿತ್ರವನ್ನು ನಿಷೇಧಿಸಿತ್ತು. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಆ ನಿಷೇಧ ತೆಗೆದ ಮೇಲೆಯೇ ಅದು ಜನರೆದುರು ಬಂದದ್ದು. ಜನ ನೋಡಲೇಬಾರದು ಎಂದಿದ್ದ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಸಿಕ್ಕಿತು. ಮುಂದೆ ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಒಟ್ಟು ಆರು ಸಲ ಆ ಅತ್ಯುನ್ನತ ಪ್ರಶಸ್ತಿ ಕನ್ನಡಕ್ಕೆ ಬಂದಿದೆ. ಕೊನೆಯ ನಾಲ್ಕೂ ಗಿರೀಶ ಕಾಸರವಳ್ಳಿಯವರವು, ಮತ್ತು ಅವರು ಸಿನಿಮಾ ಕಲಿತದ್ದು ಇಲ್ಲೇ, ಲಾ ಕಾಲೇಜು ರಸ್ತೆಯ ಚಲನಚಿತ್ರ ಸಂಸ್ಥೆಯಲ್ಲಿ. ಅವರು ಅಲ್ಲಿ ವಿದ್ಯಾರ್ಥಿಯಾಗಿದ್ದಾಗ ಗಿರೀಶ ಕಾರ್ನಾಡರು ಆ ಸಂಸ್ಥೆಯ ನಿರ್ದೇಶಕರು. ಕಾಸರವಳ್ಳಿಯವರ ಡಿಪ್ಲೊಮಾ ಚಿತ್ರ ‘ಅವಶೇಷ’ಕ್ಕೂ ರಾಷ್ಟ್ರಪ್ರಶಸ್ತಿ ಬಂತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ‘ಚೋಮನ ದುಡಿ’ಗೆ ಶ್ರೇಷ್ಠ ನಟ ಪ್ರಶಸ್ತಿ ಪಡೆದವರು ಎಂ.ವಿ. ವಾಸುದೇವರಾಯರು. ರಂಗಭೂಮಿಯಿಂದ ಬಂದ ವಯಸ್ಸಾದ ನಟ. ದೊಡ್ಡ ತಾರೆಯರಿದ್ದ ದೇಶದಲ್ಲಿ ತೀರ್ಪುಗಾರರು ಅವರನ್ನು ಗುರುತಿಸಿದರು. ಅದೇ ಚಿತ್ರದ ಕಥೆಗೆ ಶಿವರಾಮ ಕಾರಂತರಿಗೂ ಪ್ರಶಸ್ತಿ ಬಂತು. ಪ್ರಶಸ್ತಿ ಎಂಬುದು ಹೀಗೆ ಕಾಣದವರನ್ನು ಕಾಣಿಸಿದಾಗ ಅದರ ಬೆಲೆ ನನ್ನ ಕಣ್ಣಿಗೆ ಏರುತ್ತದೆ. 2014ರ ಸಾಲಿನಲ್ಲಿ ಸಂಚಾರಿ ವಿಜಯ್ ಅವರಿಗೆ ಬಂದಾಗಲೂ ನನಗೆ ಅದೇ ಸಂತೋಷ. ರಿಷಬ್ ಶೆಟ್ಟಿಯವರಿಗೆ ‘ಕಾಂತಾರ’ಕ್ಕಾಗಿ ಬಂದಾಗ ಕರಾವಳಿಯ ಮನೆಮನೆಯೂ ಹಿಗ್ಗಿತು; ಆದರೆ ಆ ಚಿತ್ರವನ್ನು ಜನ ಮೊದಲೇ ತಲೆಯ ಮೇಲೆ ಹೊತ್ತಿದ್ದರು.

ಇನ್ನು ಸಮಾರಂಭದ ಮಾತು. ಟಿವಿಯಲ್ಲಿ ನಾವು ನೋಡುವುದು ದೆಹಲಿಯ ವಿಜ್ಞಾನ ಭವನದ ವೇದಿಕೆ, ಒಬ್ಬೊಬ್ಬರಾಗಿ ಬಂದು ಪದಕ ಪಡೆದು ಇಳಿಯುವ ಸಾಲು. ಅದರ ಹಿಂದೆ ತಿಂಗಳುಗಟ್ಟಲೆ ಕೆಲಸವಿರುತ್ತದೆ. ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರಗಳಿಗೆ ಮಾತ್ರ ಪ್ರವೇಶ. ಇಂಗ್ಲಿಷ್ ಅಡಿಬರಹ ಇರಲೇಬೇಕು. ಶ್ಯಾಮ್ ಬೆನೆಗಲ್ ಅವರ ನೇತೃತ್ವದ ಸಮಿತಿಯ ಸಲಹೆಯಂತೆ 2009ರ ಸಾಲಿನಿಂದ ಆಯ್ಕೆ ಎರಡು ಹಂತದಲ್ಲಿ ನಡೆಯುತ್ತದೆ: ಮೊದಲು ಐದು ಪ್ರಾದೇಶಿಕ ಸಮಿತಿಗಳು, ಆಮೇಲೆ ಕೇಂದ್ರ ಸಮಿತಿ. ಇದು ಒಳ್ಳೆಯ ಬದಲಾವಣೆ. ಕನ್ನಡದ ಒಂದು ಚಿಕ್ಕ ಚಿತ್ರವನ್ನು ಕನ್ನಡ ಬಲ್ಲವರು ಮೊದಲು ನೋಡುತ್ತಾರೆ ಎಂಬ ಭರವಸೆ ಅದರಿಂದ ಸಿಗುತ್ತದೆ. ಆದರೆ ಎಲ್ಲ ಮುಗಿಯುವ ಹೊತ್ತಿಗೆ ಕಾಲ ಬಹಳ ಉರುಳಿರುತ್ತದೆ. ‘ಕಾಂತಾರ’ ತೆರೆಗೆ ಬಂದದ್ದು 2022ರ ಸೆಪ್ಟೆಂಬರ್ ಕೊನೆಯಲ್ಲಿ, ಅದರ ಪದಕ ಕೈಗೆ ಬಂದದ್ದು 2024ರ ಅಕ್ಟೋಬರ್ 8ರಂದು. ದೊಡ್ಡ ಚಿತ್ರಕ್ಕೆ ಎರಡು ವರ್ಷ ತಡವಾದರೆ ನಷ್ಟವಿಲ್ಲ. ಪ್ರಶಸ್ತಿ ಬಂದರೆ ಬಿಡುಗಡೆ ಮಾಡೋಣ ಎಂದು ಕಾದು ಕುಳಿತ ಸಣ್ಣ ನಿರ್ಮಾಪಕನ ಸಾಲಕ್ಕೆ ಆ ಎರಡು ವರ್ಷವೂ ಬಡ್ಡಿ ಬೆಳೆಯುತ್ತದೆ.

2018ರ ಸಮಾರಂಭ ನಿಮಗೆ ನೆನಪಿರಬಹುದು. ಹಿಂದಿನ ದಿನದ ತಾಲೀಮಿನಲ್ಲಿ, ರಾಷ್ಟ್ರಪತಿಯವರು ಹನ್ನೊಂದು ಪ್ರಶಸ್ತಿಗಳನ್ನು ಮಾತ್ರ ಕೊಡುತ್ತಾರೆ, ಉಳಿದವನ್ನು ಸಚಿವರು ಕೊಡುತ್ತಾರೆ ಎಂದು ತಿಳಿಸಿದರು. ಐವತ್ತಕ್ಕೂ ಹೆಚ್ಚು ಮಂದಿ ಸಮಾರಂಭಕ್ಕೆ ಹೋಗಲಿಲ್ಲ. ‘ಯಾರ ಕೈಯಿಂದ ಪಡೆದರೇನು?’ ಎಂದು ಆಗ ಹಲವರು ಕೇಳಿದರು. ನನಗೆ ಆ ಕಲಾವಿದರ ನೋವು ಅರ್ಥವಾಗುತ್ತದೆ. ಒಬ್ಬ ಧ್ವನಿಗ್ರಾಹಕನಿಗೆ, ಒಬ್ಬ ಸಂಕಲನಕಾರನಿಗೆ ಬದುಕಿನಲ್ಲಿ ಒಮ್ಮೆ ಸಿಗುವ ಗಳಿಗೆ ಅದು. ಅವರ ಹೆಸರನ್ನು ಬೇರೆ ಯಾರೂ ಯಾವ ವೇದಿಕೆಯಲ್ಲೂ ಕೂಗುವುದಿಲ್ಲ. ನಟನಿಗೆ ಸಿಗುವುದೇ ಇವರಿಗೂ ಸಿಗುತ್ತದೆ, ಅದೇ ಕೈಯಿಂದ ಸಿಗುತ್ತದೆ ಎಂಬ ಸಮಾನತೆಯೇ ಆ ಸಮಾರಂಭದ ಹಿರಿಮೆಯಾಗಿತ್ತು.

ಈ ಮಾತು ಬಂದಾಗ ವಿ.ಕೆ. ಮೂರ್ತಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ ಮುಂಬೈಗೆ ಬಂದವರು. ಗುರುದತ್ ಅವರ ಕ್ಯಾಮೆರಾಮನ್. ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಸಿನಿಮಾಕ್ಕೆ ಕಾಲಿಟ್ಟದ್ದು ಪುಣೆಯ ಪ್ರಭಾತ್ ಸ್ಟುಡಿಯೊದಲ್ಲಿ. ಈಗ ಚಲನಚಿತ್ರ ಸಂಸ್ಥೆ ಇರುವುದು ಅದೇ ಆವರಣದಲ್ಲಿ. ಗುರುದತ್ ಅವರ 1959ರ ‘ಕಾಗಜ್ ಕೆ ಫೂಲ್’ ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ತೆರೆಯ, ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೊದೊಳಗೆ ಮೇಲಿನಿಂದ ಒಂದು ಬೆಳಕಿನ ಕೋಲು ಓರೆಯಾಗಿ ಇಳಿಯುತ್ತದೆ. ಆ ಬೆಳಕು ಹೇಗೆ ಬಂತು ಗೊತ್ತೇ? ಸ್ಟುಡಿಯೊದ ದೀಪ ಎಷ್ಟು ದೊಡ್ಡದಾದರೂ ಅದರ ಬೆಳಕು ದೂರ ಹೋದಂತೆ ಅಗಲವಾಗಿ ಹರಡಿಕೊಳ್ಳುತ್ತದೆ. ಸೂರ್ಯನ ಕಿರಣ ಹಾಗೆ ಹರಡುವುದಿಲ್ಲ, ನೇರವಾಗಿ ಬರುತ್ತದೆ. ಮೂರ್ತಿಯವರು ಒಂದು ದೊಡ್ಡ ಕನ್ನಡಿಯನ್ನು ಹೊರಗೆ ಬಿಸಿಲಿಗೆ ಹಿಡಿಸಿದರು, ಇನ್ನೊಂದನ್ನು ಒಳಗೆ ಎತ್ತರದಲ್ಲಿ ಇರಿಸಿದರು. ಹೊರಗಿನ ಕನ್ನಡಿಯಿಂದ ಒಳಗಿನ ಕನ್ನಡಿಗೆ, ಅಲ್ಲಿಂದ ನೆಲಕ್ಕೆ. ಒಂದಿಷ್ಟು ಹೊಗೆ ಹಾಕಿದರು, ಕಿರಣಕ್ಕೆ ಮೈ ಬಂತು. ಸೂರ್ಯ ಸರಿಯುವುದರೊಳಗೆ ಶಾಟ್ ತೆಗೆಯಬೇಕು. ಚಿತ್ರ ಆಗ ಸೋತಿತು, ಆದರೆ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಬಂತು. 2008ರ ಸಾಲಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಒಬ್ಬ ಕನ್ನಡಿಗ. ರಾಜಕುಮಾರ್ ಅವರ ಫಾಲ್ಕೆ ಪ್ರಶಸ್ತಿ ನಮ್ಮೆಲ್ಲರ ಬಾಯಲ್ಲಿದೆ, ಮೂರ್ತಿಯವರದು ಎಷ್ಟು ಮನೆಗಳಲ್ಲಿ ಮಾತಾಗಿದೆ?

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಐವತ್ತು ದಾಟಿದವರಿಗೆ ದೂರದರ್ಶನದ ಭಾನುವಾರದ ಮಧ್ಯಾಹ್ನ ನೆನಪಿದೆ ತಾನೆ? ಎಂಬತ್ತರ ದಶಕದಲ್ಲಿ ಊಟದ ಹೊತ್ತಿಗೆ ಪ್ರಾದೇಶಿಕ ಭಾಷೆಯ ಒಂದು ಚಿತ್ರ ಬರುತ್ತಿತ್ತು, ಇಂಗ್ಲಿಷ್ ಅಡಿಬರಹದೊಂದಿಗೆ. ಅವುಗಳಲ್ಲಿ ಬಹುಪಾಲು ಪ್ರಶಸ್ತಿ ಪಡೆದವು. ಒಂದೊಂದು ವಾರ ಒಂದೊಂದು ಭಾಷೆಯ ಸರದಿ. ಕನ್ನಡದ ಸರದಿ ಬಂದಾಗ ಈ ಊರಿನ ಕನ್ನಡಿಗರು ಒಬ್ಬರಿಗೊಬ್ಬರು ಮೊದಲೇ ಹೇಳಿಕೊಳ್ಳುತ್ತಿದ್ದರು. ಹೋಟೆಲಿನ ಹುಡುಗರು ಮಾಲೀಕರಲ್ಲಿ ಎರಡು ಗಂಟೆ ಬಿಡುವು ಕೇಳುತ್ತಿದ್ದರು.

ನಾನು ಆಗ ಸದಾಶಿವ ಪೇಟೆಯ ಹಳೆಯ ವಾಡೆಯೊಂದರಲ್ಲಿ ಬಾಡಿಗೆಗಿದ್ದೆ. ಟಿವಿ ಇದ್ದದ್ದು ಮನೆಯೊಡತಿ ಆಜಿಯ ಕೋಣೆಯಲ್ಲಿ. ಒಂದು ಭಾನುವಾರ ‘ಘಟಶ್ರಾದ್ಧ’ ಬಂತು. ಆಜಿಗೆ ಕನ್ನಡ ಬಾರದು, ಇಂಗ್ಲಿಷ್ ಅಡಿಬರಹ ಓದಲೂ ಬಾರದು. ನಾನು ಪಕ್ಕದಲ್ಲಿ ಕೂತು ಮರಾಠಿಯಲ್ಲಿ ಹೇಳಲು ಹೊರಟೆ. ಐದು ನಿಮಿಷವಾದ ಮೇಲೆ ಅವರು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು. ಪಾಠಶಾಲೆಯ ಮನೆ, ವಿಧವೆ ಯಮುನಕ್ಕ, ಅವಳ ಸೆರಗು ಹಿಡಿದ ಪುಟ್ಟ ಹುಡುಗ ನಾಣಿ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುವ ಜಾಗ ಬಂದಾಗ ಆಜಿಯ ಕೈಯಲ್ಲಿದ್ದ ಬತ್ತಿ ಹೊಸೆಯುವ ಹತ್ತಿ ಹಾಗೇ ನಿಂತಿತ್ತು. ಚಿತ್ರ ಮುಗಿದ ಮೇಲೆ ಅವರು ತಮ್ಮ ಸೋದರತ್ತೆಯ ಕಥೆ ಹೇಳಿದರು, ಸಂಜೆಯ ದೀಪ ಹಚ್ಚುವ ಹೊತ್ತಿನವರೆಗೂ ಹೇಳಿದರು. ಅದುವರೆಗೆ ಆ ಮನೆಯಲ್ಲಿ ಯಾರೂ ಆ ಹೆಂಗಸಿನ ಹೆಸರೆತ್ತಿದ್ದನ್ನು ನಾನು ಕೇಳಿರಲಿಲ್ಲ.

‘ಘಟಶ್ರಾದ್ಧ’ಕ್ಕೆ ಪ್ರಶಸ್ತಿ ಕೊಟ್ಟ ಸಂಜೆಯಷ್ಟೇ, ಅಥವಾ ಅದಕ್ಕಿಂತಲೂ ದೊಡ್ಡದು ಆ ಮಧ್ಯಾಹ್ನ. ಪ್ರಶಸ್ತಿ ಎಂಬುದು ಒಂದು ಶಿಫಾರಸು: ‘ನಾವು ನೋಡಿದೆವು, ನೀವೂ ನೋಡಿ’ ಎಂದು ದೇಶಕ್ಕೆ ಹೇಳುವ ಮಾತು. ದೂರದರ್ಶನ ಆ ಶಿಫಾರಸನ್ನು ಮನೆಮನೆಗೆ ಮುಟ್ಟಿಸುತ್ತಿತ್ತು. ಬಂಗಾಳಿ, ಮಲಯಾಳಂ, ಅಸ್ಸಾಮಿ ಚಿತ್ರಗಳನ್ನು ನಾನು ನೋಡಿದ್ದು ಹಾಗೆಯೇ, ಕನ್ನಡದ ಚಿತ್ರಗಳನ್ನು ಮರಾಠಿಯವರು ನೋಡಿದ್ದೂ ಹಾಗೆಯೇ. ಆ ಹೊತ್ತು ನಿಂತುಹೋದ ಮೇಲೆ ಪ್ರಶಸ್ತಿ ಉಳಿಯಿತು, ಶಿಫಾರಸು ತಲುಪುವ ದಾರಿ ಮುಚ್ಚಿತು. ‘ಪ್ರಶಸ್ತಿ ಸಿನಿಮಾ’ ಎಂದರೆ ಯಾರೂ ನೋಡದ ಸಿನಿಮಾ ಎಂಬ ಭಾವನೆ ಬೆಳೆದದ್ದು ಆಮೇಲೆ. ಚಿತ್ರಗಳು ಇದ್ದಕ್ಕಿದ್ದಂತೆ ಕೆಟ್ಟವಾದವೆಂದು ನಾನು ಒಪ್ಪುವುದಿಲ್ಲ. ಅವು ನಮ್ಮ ಮುಂದೆ ಬರುವುದೇ ನಿಂತಿತು.

ಟಿವಿಯವರು ಈಗ ತಾವೇ ಪ್ರಶಸ್ತಿ ಕೊಡುತ್ತಾರಲ್ಲ ಎಂದು ನೀವು ಕೇಳಬಹುದು. ಪ್ರತಿ ವಾಹಿನಿಗೂ ಒಂದು ಸಮಾರಂಭವಿದೆ. ತನ್ನದೇ ಧಾರಾವಾಹಿಗಳಿಗೆ, ತನ್ನದೇ ಕಲಾವಿದರಿಗೆ ಕೊಡುತ್ತದೆ. ಕಲಾವಿದರ ದುಡಿಮೆ ದೊಡ್ಡದು, ದಿನಕ್ಕೆ ಹದಿನಾಲ್ಕು ಗಂಟೆ ಬಣ್ಣ ಹಚ್ಚಿಕೊಂಡಿರುವವರಿಗೆ ಒಂದು ಸಂಜೆ ಚಪ್ಪಾಳೆ ಸಿಗಲಿ. ಆದರೆ ಆ ಕಾರ್ಯಕ್ರಮ ಚಿತ್ರೀಕರಣಗೊಂಡು, ಕತ್ತರಿಸಿ ಜೋಡಿಸಿ, ಜಾಹೀರಾತು ತುಂಬಿ ಕೆಲವು ವಾರಗಳ ಮೇಲೆ ಪ್ರಸಾರವಾಗುವ ಇನ್ನೊಂದು ಕಾರ್ಯಕ್ರಮವೇ. ಹೊರಗಿನವರು ಕೂತು ತೂಗಿ ನೋಡಿದ ತೀರ್ಪು ಅಲ್ಲಿಲ್ಲ. ಇತ್ತ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಧಾರಾವಾಹಿಗೆ ಜಾಗವೇ ಇಲ್ಲ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ನೆನೆಸಿಕೊಳ್ಳಿ. ಆಗುಂಬೆಯಲ್ಲಿ ತೆಗೆದದ್ದು, ಆರ್.ಕೆ. ಲಕ್ಷ್ಮಣರ ರೇಖೆಗಳು, ಆ ಲಕ್ಷ್ಮಣರು ಕೊನೆಯ ದಿನಗಳನ್ನು ಕಳೆದದ್ದು ಇದೇ ಪುಣೆಯಲ್ಲಿ. ದೇಶವೇ ಕಣ್ಣಿಟ್ಟು ನೋಡಿದ ಕೃತಿ. ಕಮಲದ ಪದಕಕ್ಕೆ ಅದು ಸ್ಪರ್ಧಿಸುವಂತೆಯೇ ಇರಲಿಲ್ಲ. 2023ರಲ್ಲಿ ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಮೊದಲ ಬಾರಿಗೆ ವೆಬ್ ಸರಣಿಗೆ ಪ್ರಶಸ್ತಿ ಕೊಟ್ಟರು. ನಾನು ಅದನ್ನು ಸ್ವಾಗತಿಸುತ್ತೇನೆ, ಕನ್ನಡದ ಒಳ್ಳೆಯ ಧಾರಾವಾಹಿಗಳಿಗೂ ಅಂಥದೊಂದು ಬಾಗಿಲು ಬೇಕು.

ಚಿತ್ರ ಕಾಣಬೇಕಾದರೆ ಮೊದಲು ಅದು ಉಳಿದಿರಬೇಕು. ಈ ವಿಷಯದಲ್ಲಿ ಪುಣೆಯವರಾದ ನಮಗೆ ಬೇರೆ ಯಾರಿಗೂ ಇಲ್ಲದ ಭಾಗ್ಯವಿದೆ. ಲಾ ಕಾಲೇಜು ರಸ್ತೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಲ್ಲಿ ಶುರುವಾಯಿತು. ಪಿ.ಕೆ. ನಾಯರ್ ಅವರು ಊರೂರು ಸುತ್ತಿ, ಗೋದಾಮುಗಳಲ್ಲಿ ತುಕ್ಕು ಹಿಡಿದ ಡಬ್ಬಿಗಳನ್ನು ತೆರೆದು ನೋಡಿ, ಅದನ್ನು ಕಟ್ಟಿ ಬೆಳೆಸಿದರು. ಹಳೆಯ ರೀಲಿನ ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವುದು ವಿನಿಗರ್ ವಾಸನೆ. ರೀಲನ್ನು ಮಾಡಿದ ಅಸಿಟೇಟ್ ಎಂಬ ಪ್ಲಾಸ್ಟಿಕ್ ಕೊಳೆಯಲು ಶುರುವಾದದ್ದರ ಗುರುತು ಅದು. ರೀಲು ಕುಗ್ಗುತ್ತದೆ, ಅಂಚಿನ ತೂತುಗಳು ಯಂತ್ರದ ಹಲ್ಲಿಗೆ ಹೊಂದುವುದಿಲ್ಲ, ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತಂಪಾದ, ಒಣಗಿದ ಕೋಣೆಯಲ್ಲಿಟ್ಟರೆ ಕೊಳೆಯುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’, ಇಲ್ಲೇ ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ ತಯಾರಾಯಿತು. ಅದರ ಪ್ರತಿ ಇವತ್ತು ಎಲ್ಲೂ ಉಳಿದಿಲ್ಲ. ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಈ ಸಂಗ್ರಹಾಲಯದಲ್ಲಿ ಉಳಿದಿತ್ತು. ಆದ್ದರಿಂದಲೇ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂದೆ ನಿಂತು ಅದನ್ನು ಪುನರುಜ್ಜೀವನಗೊಳಿಸಲು ಸಾಧ್ಯವಾಯಿತು, 2024ರಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಮೇರುಕೃತಿಗಳ ವಿಭಾಗದಲ್ಲಿ ಅದು ಮತ್ತೆ ತೆರೆ ಕಂಡಿತು. ಪ್ರಭಾತ್‌ನ ‘ಸಂತ ತುಕಾರಾಂ’ 1937ರಲ್ಲಿ ಇದೇ ರಸ್ತೆಯಿಂದ ವೆನಿಸ್‌ಗೆ ಹೋಗಿತ್ತು.

ಮಾತಿನ ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿದರು: ‘ಇವೆಲ್ಲ ಈಗ ಯೂಟ್ಯೂಬಿನಲ್ಲೇ ಸಿಗುತ್ತವಲ್ಲ?’ ಕೆಲವು ಸಿಗುತ್ತವೆ. ಸಿಗುವುದರಲ್ಲಿ ಹೆಚ್ಚಿನವು ಹಳೆಯ ಟಿವಿ ಪ್ರಸಾರದ ಮಬ್ಬು ಪ್ರತಿಗಳು. ಕಪ್ಪು ಬಿಳುಪಿನ ಚಿತ್ರದಲ್ಲಿ ಕತ್ತಲೆಗೆ ಹಲವು ಬಗೆಗಳಿರುತ್ತವೆ. ಆ ಪ್ರತಿಗಳಲ್ಲಿ ಎಲ್ಲವೂ ಒಂದೇ ಬೂದು. ಜೊತೆಗೆ, ಮೊಬೈಲಿನಲ್ಲಿ ಒಬ್ಬರೇ ನೋಡಿ ಮುಗಿಸಿದರೆ ಪಕ್ಕದಲ್ಲಿ ಆಜಿ ಇರುವುದಿಲ್ಲ.

ಆದ್ದರಿಂದ ಒಂದು ಕೆಲಸ ಮಾಡೋಣ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಇದೇ ಸಭಾಂಗಣದಲ್ಲಿ ಪ್ರಶಸ್ತಿ ಪಡೆದ ಒಂದು ಚಿತ್ರ. ಕದ್ದ ಪ್ರತಿ ಬೇಡ. ನಿರ್ಮಾಪಕರಿಗೆ ಪತ್ರ ಬರೆದು, ಅವರು ಕೇಳಿದ ಶುಲ್ಕ ಕೊಟ್ಟು, ಅಡಿಬರಹವಿರುವ ಪ್ರತಿ ತರಿಸೋಣ. ಅಡಿಬರಹ ಬೇಕೇ ಬೇಕು, ಏಕೆಂದರೆ ನಮ್ಮ ಮಕ್ಕಳಲ್ಲಿ ಅರ್ಧ ಜನಕ್ಕೆ ಪುಸ್ತಕದ ಕನ್ನಡ ಗೊತ್ತಿಲ್ಲ, ಮತ್ತು ನಾವು ನೆರೆಮನೆಯ ಮರಾಠಿಯವರನ್ನೂ ಕರೆಯಬೇಕು. ಮೊದಲನೆಯದು ಯಾವುದು ಎಂದರೆ ನಾನು ‘ಪಡ್ಡಾಯಿ’ ಎನ್ನುತ್ತೇನೆ. 2017ರ ಸಾಲಿನ ಶ್ರೇಷ್ಠ ತುಳು ಚಿತ್ರ, ಕರಾವಳಿಯ ಮೀನುಗಾರರ ನಡುವೆ ನಡೆಯುವ ಕಥೆ. ಅದರ ನಿರ್ದೇಶಕ ಅಭಯಸಿಂಹ ಅವರು ಓದಿದ್ದೂ ಲಾ ಕಾಲೇಜು ರಸ್ತೆಯಲ್ಲೇ. ಇಲ್ಲಿ ಕುಳಿತವರಲ್ಲಿ ಬಹಳ ಮಂದಿ ಮನೆಯಲ್ಲಿ ತುಳು ಆಡುವವರು, ಆದರೆ ಆ ಚಿತ್ರ ನೋಡಿದವರು ಇಬ್ಬರೇ ಎಂದು ಈಗಷ್ಟೇ ತಿಳಿಯಿತು. ಎರಡನೆಯದು ‘ಕಂದೀಲು’ ಇರಲಿ. ಪತ್ರದ ಕರಡು ನನ್ನ ಬಳಿ ಇದೆ. ಸಹಿ ಹಾಕುವವರು, ಶುಲ್ಕಕ್ಕೆ ಕೈಲಾದಷ್ಟು ಕೊಡುವವರು ಹೊರಗಿನ ಮೇಜಿನ ಬಳಿ ಹೆಸರು ಬರೆಸಿ.